ಪ್ರೈಮರಿ ಮಕ್ಕಳಿಗೆ ಲೈಂಗಿಕ ದೌರ್ಜನ್ಯ ತಡೆಯುವ ಪಾಠ: ಮೊದಲು ಯಾರಿಗೆ ಕಲಿಸಬೇಕು?

ಪ್ರೈಮರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಪ್ರೈಮರಿ ಶಾಲೆಯ ಟೀಚರ್. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ ಪಾಠವನ್ನು ಈ ವರ್ಷ ಒಂದರಿಂದ ಐದನೇ ಕ್ಲಾಸಿನವರೆಗೆ ಶುರು ಮಾಡೋಣ ಅಂತ ನಮ್ಮ ಶಾಲೆಯಲ್ಲಿ ತೀರ್ಮಾನ ಆಗಿದೆ. ಪಾಠ ಸಿದ್ಧ ಮಾಡುವ ಕೆಲಸ ನನ್ನ ಪಾಲಿಗೆ ಬಂತು, ಖುಷಿಯಿಂದಲೇ ಒಪ್ಪಿಕೊಂಡೆ. ಆದರೆ ಸಿಕ್ಕಿದ್ದನ್ನೆಲ್ಲ ಓದಿದ ಮೇಲೆ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ.

ಹೆಚ್ಚಿನ ಪಾಠಗಳಲ್ಲಿ ಮಗುವಿಗೆ ಮೂರು ಮಾತು ಹೇಳಿಕೊಡುತ್ತಾರೆ. 'ಬೇಡ' ಅನ್ನು, ಅಲ್ಲಿಂದ ಓಡು, ದೊಡ್ಡವರಿಗೆ ಹೇಳು. ಕೇಳೋಕೆ ಸರಿಯಾಗಿಯೇ ಇದೆ. ಆದರೆ ಎದುರಿಗಿರುವವರು ಯಾರು ಅಂತ ಸ್ವಲ್ಪ ಯೋಚನೆ ಮಾಡಿ. ಬಹಳಷ್ಟು ಸಲ ಅವರು ಮಗುವಿಗೆ ಚೆನ್ನಾಗಿ ಗೊತ್ತಿರುವವರು. ನೆಂಟರು, ಪಕ್ಕದ ಮನೆಯವರು, ಟ್ಯೂಷನ್ ಹೇಳಿಕೊಡುವವರು, ಮನೆಯವರೆಲ್ಲ ಪೂರ್ತಿ ನಂಬಿರುವವರು. 'ದೊಡ್ಡವರು ಹೇಳಿದ ಹಾಗೆ ಕೇಳು' ಅಂತ ದಿನಾ ಕೇಳಿಸಿಕೊಂಡು ಬೆಳೆದ ಏಳು ವರ್ಷದ ಮಗು ಅಂಥವರ ಮುಂದೆ ಗಟ್ಟಿಯಾಗಿ 'ಬೇಡ' ಅನ್ನಬೇಕು ಅಂತ ನಾವು ಕಾಯುತ್ತಿದ್ದೇವೆ. ಹಾಗೆ ಅನ್ನೋಕೆ ಆಗದ ಮಗುವಿನ ಗತಿ ಏನು? 'ಟೀಚರ್ ಹೇಳಿಕೊಟ್ಟಿದ್ದರು, ನಾನೇ ಹಾಗೆ ಮಾಡಲಿಲ್ಲ' ಅಂತ ಅದು ಒಳಗೊಳಗೇ ಕೊರಗಿದರೆ?

ನನ್ನ ಅನಿಸಿಕೆ ಇಷ್ಟು. ಕಾಪಾಡುವ ಕೆಲಸ ದೊಡ್ಡವರದು. ಮಗು ಕಲಿಯಬೇಕಾದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಮೂರನೇ ಮಾತು, ಅಂದರೆ ಹೇಳುವುದು. ಕೇಳಿಸಿಕೊಳ್ಳುವವರು ತಯಾರಿಲ್ಲದಿದ್ದರೆ ಅದೂ ದಂಡ. ಹಾಗಾಗಿ ಮೊದಲು ಟೀಚರುಗಳಿಗೆ, ಆಮೇಲೆ ತಂದೆತಾಯಿಗೆ, ಕೊನೆಗೆ ಮಕ್ಕಳಿಗೆ ಪಾಠ ಆಗಬೇಕು ಅನ್ನುವುದು ನನ್ನ ವಾದ. ಶಾಲೆಯಲ್ಲಿ ಕೆಲವರು 'ಅಷ್ಟೆಲ್ಲ ಟೈಮ್ ಎಲ್ಲಿದೆ, ಒಂದು ಪೀರಿಯಡ್ ತಗೊಂಡು ಮುಗಿಸಿಬಿಡಿ' ಅನ್ನುತ್ತಿದ್ದಾರೆ. ನೀವೆಲ್ಲ ಏನಂತೀರಿ?


ಇಬ್ಬರು ಮಕ್ಕಳ ಅಪ್ಪ

ಮೇಡಂ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ನನಗೆ ಬೇರೆಯೇ ಭಯ. ನನ್ನ ಮಗಳು ಒಂದನೇ ಕ್ಲಾಸ್. ಅವಳಿಗೆ ಇಂಥ ವಿಷಯ ಹೇಳಿದರೆ ಎಲ್ಲರನ್ನೂ ಅನುಮಾನದಿಂದ ನೋಡೋಕೆ ಶುರು ಮಾಡಲ್ವಾ? ಅಜ್ಜ ಎತ್ತಿಕೊಂಡರೂ ಹೆದರಿಕೊಂಡರೆ? ಇಷ್ಟು ಚಿಕ್ಕ ವಯಸ್ಸಿನಲ್ಲಿ ಈ ಭಾರ ಬೇಕಾ ಅನಿಸುತ್ತದೆ. ಪಾಠ ಬೇಡ ಅಂತಲ್ಲ. ಇನ್ನೆರಡು ವರ್ಷ ಬಿಟ್ಟು ಮಾಡಿದರೆ ಆಗಲ್ವಾ ಅಂತ.


ಆಪ್ತಸಮಾಲೋಚಕಿ

ಸರ್, ನಿಮ್ಮ ಪ್ರಶ್ನೆಯನ್ನು ತುಂಬಾ ತಂದೆತಾಯಿ ಕೇಳುತ್ತಾರೆ. ಸಂಶೋಧಕರೂ ಇದನ್ನೇ ಕೇಳಿದ್ದಾರೆ. ಬೇರೆ ಬೇರೆ ಸಂಶೋಧನೆಗಳನ್ನು ಒಟ್ಟುಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಶಾಲೆಗಳಲ್ಲಿ ನಡೆಯುವ ಇಂಥ ಪಾಠಗಳ ಬಗ್ಗೆ ಒಂದು ದೊಡ್ಡ ಪರಾಮರ್ಶೆ ಪ್ರಕಟಿಸಿತು. ಬೇರೆ ಬೇರೆ ದೇಶಗಳ 24 ಪ್ರಯೋಗಗಳು, ಒಟ್ಟು 5,802 ಮಕ್ಕಳು. ಪಾಠ ಕೇಳಿದ ಮಕ್ಕಳಲ್ಲಿ ಭಯ, ಆತಂಕ ಜಾಸ್ತಿ ಆಯಿತು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ತಿಳಿವಳಿಕೆ ಹೆಚ್ಚಾಗಿತ್ತು. ಆರು ತಿಂಗಳು ಕಳೆದ ಮೇಲೂ ಅದು ಉಳಿದಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು, ಏಕೆಂದರೆ ಪಾಠದಿಂದ ಎಲ್ಲ ಆಗಿಬಿಡುತ್ತದೆ ಅಂತ ಹೇಳಿದರೆ ತಪ್ಪಾಗುತ್ತದೆ. ಪಾಠದಿಂದ ದೌರ್ಜನ್ಯ ನಿಜವಾಗಿ ಕಡಿಮೆ ಆಯಿತಾ ಅಂತ ಆ 24 ಪ್ರಯೋಗಗಳಲ್ಲಿ ಯಾವುದೂ ಅಳೆದಿರಲಿಲ್ಲ. ಅಮೆರಿಕದ ಡೇವಿಡ್ ಫಿಂಕೆಲ್‌ಹಾರ್ ಮತ್ತು ಸಂಗಡಿಗರು 1995ರಲ್ಲಿ 10ರಿಂದ 16 ವರ್ಷದ ಸುಮಾರು 2,000 ಮಕ್ಕಳನ್ನು ಮಾತಾಡಿಸಿ ಮಾಡಿದ ಅಧ್ಯಯನದಲ್ಲೂ ಪಾಠ ಕೇಳಿದವರ ಮೇಲೆ ದೌರ್ಜನ್ಯ ಕಡಿಮೆ ಆದ ಹಾಗೆ ಕಾಣಲಿಲ್ಲ. ಆದರೆ ಅವರು ಆದದ್ದನ್ನು ಯಾರಿಗಾದರೂ ಹೇಳಿಕೊಳ್ಳುವುದು ಹೆಚ್ಚಾಗಿತ್ತು, ತಮ್ಮನ್ನೇ ದೂಷಿಸಿಕೊಳ್ಳುವುದು ಕಡಿಮೆ ಇತ್ತು. 2000ರಲ್ಲಿ ಬಂದ ಇನ್ನೊಂದು ಅಧ್ಯಯನ 825 ಕಾಲೇಜು ಹುಡುಗಿಯರದು. ಚಿಕ್ಕವರಿದ್ದಾಗ ಇಂಥ ಪಾಠ ಕೇಳಿದ್ದವರಲ್ಲಿ ಶೇ. 8 ಮಂದಿ, ಕೇಳದೆ ಇದ್ದವರಲ್ಲಿ ಶೇ. 14 ಮಂದಿ ತಮ್ಮ ಮೇಲೆ ದೌರ್ಜನ್ಯ ಆಗಿತ್ತು ಅಂದರು. ಇದು ಆಶಾದಾಯಕ. ಆದರೂ ಹೀಗೆ ಹಿಂದಿರುಗಿ ನೋಡುವ ಅಧ್ಯಯನವೊಂದನ್ನೇ ನಂಬಿ ಗಟ್ಟಿಯಾಗಿ ಹೇಳೋಕೆ ಆಗಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಟೀಚರ್ ಹೇಳಿದ್ದು ಸರಿ. ಪಾಠದ ಗಟ್ಟಿ ಫಲ ಕಾಣುವುದು ಮಗು ಬಾಯಿ ಬಿಡುವುದರಲ್ಲಿ, ತಪ್ಪು ತನ್ನದಲ್ಲ ಅಂತ ತಿಳಿಯುವುದರಲ್ಲಿ.

ವಯಸ್ಸಿನ ಬಗ್ಗೆ: ದೌರ್ಜನ್ಯ ಎರಡು ವರ್ಷ ಕಾಯಲ್ಲ ಸರ್. ನೀವು ಮಗಳಿಗೆ ರಸ್ತೆ ದಾಟೋದನ್ನ ಕಲಿಸಿದಾಗ ಅಪಘಾತದ ಫೋಟೋ ತೋರಿಸಿರಲ್ಲ, ಕೈ ಹಿಡಿದು ಎರಡೂ ಕಡೆ ನೋಡೋದನ್ನ ಕಲಿಸಿರುತ್ತೀರಿ. ಇದೂ ಹಾಗೇ. ಒಂದನೇ ಕ್ಲಾಸಿನಲ್ಲಿ ದೌರ್ಜನ್ಯ ಅನ್ನುವ ಮಾತೇ ಬರಲ್ಲ. ದೇಹದ ಭಾಗಗಳು, ಯಾವುದು ಖಾಸಗಿ, ಯಾರ ಹತ್ತಿರ ಹೇಳಬೇಕು, ಅಷ್ಟೇ.


ಹೆಸರು ಬೇಡ

ನಾನು ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಈ ವಿಷಯಕ್ಕೆ ಬರೆಯಲೇಬೇಕು ಅನಿಸಿತು. ಚಿಕ್ಕವಳಿದ್ದಾಗ ನನ್ನ ಮೇಲೆ ಇದು ಆಗಿದೆ. ವಿವರ ಬೇಡ. ಆದರೆ ಆಗ ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಪಾಠ ಮಾಡುವವರಿಗೆ ಗೊತ್ತಾದರೆ ಒಳ್ಳೇದು.

ಅವರು ನನ್ನನ್ನು ತುಂಬಾ ಮುದ್ದು ಮಾಡುತ್ತಿದ್ದವರು. ಮನೆಯಲ್ಲಿ ನನ್ನ ಮಾತು ಕೇಳೋಕೆ ಯಾರಿಗೂ ಪುರುಸೊತ್ತು ಇಲ್ಲದಿದ್ದಾಗ ಅವರು ಕೇಳುತ್ತಿದ್ದರು. ಶುರುವಿನಲ್ಲಿ ನೋವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅದು ಆಟ, ನಮ್ಮಿಬ್ಬರ ಗುಟ್ಟು. ಯಾಕೋ ಸರಿ ಇಲ್ಲ ಅನಿಸೋಕೆ ಶುರುವಾಗುವ ಹೊತ್ತಿಗೆ ನಾನು ಎಷ್ಟೋ ಸಲ ಸುಮ್ನೆ ಇದ್ದುಬಿಟ್ಟಿದ್ದೆ. ಈಗ ಹೇಳಿದರೆ 'ಇಷ್ಟು ದಿನ ಯಾಕೆ ಹೇಳಲಿಲ್ಲ' ಅಂತ ನನಗೇ ಬೈತಾರೆ ಅಂತ ಖಾತ್ರಿ ಇತ್ತು.

ಆಗ ಯಾರಾದರೂ ನನಗೆ 'ಕೆಟ್ಟ ಸ್ಪರ್ಶ ಆದರೆ ಹೇಳು' ಅಂದಿದ್ದರೆ ಅದು ನನ್ನ ವಿಷಯ ಅಂತ ನನಗೆ ಹೊಳೆಯುತ್ತಲೇ ಇರಲಿಲ್ಲ. ಕೆಟ್ಟದ್ದು ಅಂದರೆ ಹೊಡೆಯುವುದು, ಚಿವುಟುವುದು. ಕೆಟ್ಟವರು ಅಂದರೆ ನೋಡಿದರೆ ಭಯ ಆಗುವವರು. ಇವರು ಒಳ್ಳೆಯವರಾಗಿದ್ದರಲ್ಲ.

ನಾನು ಹೇಳಿದ್ದೆ ಕೂಡ, ನನ್ನದೇ ರೀತಿಯಲ್ಲಿ. 'ನಾನು ಅವರ ಮನೆಗೆ ಹೋಗಲ್ಲ' ಅಂದೆ. 'ಅಷ್ಟು ಪ್ರೀತಿ ಮಾಡ್ತಾರೆ, ಸೊಕ್ಕು ನಿಂಗೆ' ಅಂತ ಅಮ್ಮ ಬೈದರು. ಅಲ್ಲಿಗೆ ನನ್ನ ಹೇಳಿಕೆ ಮುಗಿಯಿತು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಮಗು ಹೀಗೆ ಅಂದರೆ ಏನು ಕೇಳಬೇಕು ಅಂತ ಅಮ್ಮನಿಗೆ ಯಾರೂ ಕಲಿಸಿರಲಿಲ್ಲ. ಟೀಚರ್, ನೀವು ದೊಡ್ಡವರಿಗೆ ಮೊದಲು ಪಾಠ ಅಂದದ್ದನ್ನು ಓದಿ ನನಗೆ ತುಂಬಾ ಸಮಾಧಾನ ಆಯಿತು.


ಆಪ್ತಸಮಾಲೋಚಕಿ

ನೀವು ಬರೆದದ್ದಕ್ಕೆ ಕೃತಜ್ಞತೆ. ನಿಮ್ಮ ಮಾತನ್ನು ನಂಬುತ್ತೇನೆ. ಅದರಲ್ಲಿ ನಿಮ್ಮ ತಪ್ಪು ಏನೇನೂ ಇರಲಿಲ್ಲ.

ಪಾಠ ಮಾಡುವವರು ನಿಮ್ಮ ಪ್ರತಿ ಸಾಲನ್ನೂ ಗಮನಿಸಬೇಕು. 1983ರಲ್ಲಿ ರೋಲಂಡ್ ಸಮ್ಮಿಟ್ ಅನ್ನುವ ಅಮೆರಿಕದ ಮನೋವೈದ್ಯರು ಹೆಚ್ಚುಕಡಿಮೆ ಇದನ್ನೇ ಬರೆದರು. ಗುಟ್ಟು, ಅಸಹಾಯಕತೆ, ಸಿಕ್ಕಿಹಾಕಿಕೊಂಡು ಹೊಂದಿಕೊಂಡು ಹೋಗುವುದು, ತಡವಾಗಿ ಹೇಳುವುದು, ಕೊನೆಗೆ 'ಇಲ್ಲ, ಹಾಗೇನೂ ಆಗಿಲ್ಲ' ಅಂತ ಮಾತು ವಾಪಸ್ ತೆಗೆದುಕೊಳ್ಳುವುದು. ಇವೆಲ್ಲ ಎಲ್ಲ ಮಕ್ಕಳಲ್ಲೂ ಕಾಣುತ್ತವೆ ಅಂತಲ್ಲ. ತಡವಾಗಿ ಹೇಳಿತು, ಮಾತು ಬದಲಿಸಿತು ಅನ್ನುವ ಕಾರಣಕ್ಕೇ ಮಗು ಸುಳ್ಳು ಹೇಳುತ್ತಿದೆ ಅಂತ ತೀರ್ಮಾನ ಮಾಡಬಾರದು ಅಂತ ದೊಡ್ಡವರಿಗೆ ತಿಳಿಯಬೇಕು.

ಎಷ್ಟು ಮುಚ್ಚಿಹೋಗುತ್ತದೆ ಅಂತ ನೋಡಿ. ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಜಗತ್ತಿನ 217 ಪ್ರಕಟಣೆಗಳನ್ನು ಒಟ್ಟುಹಾಕಿ ಲೆಕ್ಕ ಮಾಡಿದರು. ಜನರನ್ನೇ ನೇರವಾಗಿ ಕೇಳಿದಾಗ 1,000ಕ್ಕೆ 127 ಮಂದಿ ಚಿಕ್ಕಂದಿನಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂದರು. ಶಿಕ್ಷಕರು, ವೈದ್ಯರಂಥ ವೃತ್ತಿಪರರ ಗಮನಕ್ಕೆ ಬಂದದ್ದು 1,000ಕ್ಕೆ 4. ಈ ಎರಡರ ನಡುವಿನ ಮಕ್ಕಳು ನಮ್ಮ ಕ್ಲಾಸುಗಳಲ್ಲೇ ಕೂತಿರುತ್ತಾರೆ.


ಇಬ್ಬರು ಮಕ್ಕಳ ಅಪ್ಪ

ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಹೆಸರು ಬೇಡ ಅವರೇ, ಇಷ್ಟನ್ನು ಬರೆಯೋಕೆ ಎಷ್ಟು ಧೈರ್ಯ ಬೇಕಾಗಿತ್ತೋ.

ಎರಡು ವರ್ಷ ಬಿಡೋಣ ಅಂದ ಮಾತನ್ನು ಬಿಟ್ಟುಬಿಡುತ್ತೇನೆ. ಈಗ ನನ್ನ ಪ್ರಶ್ನೆ ಬೇರೆ. 'ಕೆಟ್ಟ ಸ್ಪರ್ಶ' ಅಂದರೆ ಮಗುವಿಗೆ ಗೊತ್ತಾಗಲ್ಲ ಅಂತಾದರೆ ಕ್ಲಾಸಿನಲ್ಲಿ ಏನಂತ ಹೇಳುತ್ತೀರಿ?


ಪ್ರೈಮರಿ ಟೀಚರ್

ಮಗುವಿಗೆ ಹೇಗನಿಸಿತು ಅನ್ನುವುದರ ಮೇಲೆ ನಿಲ್ಲದ ನಿಯಮ ಬೇಕು ಸರ್. ಚಡ್ಡಿ, ಬನಿಯನ್ ಮುಚ್ಚುವ ಭಾಗಗಳು ಖಾಸಗಿ. ಅವನ್ನು ಯಾರೂ ಮುಟ್ಟುವ ಹಾಗಿಲ್ಲ, ನೋಡುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ಅವರದನ್ನು ಮುಟ್ಟು ಅಂತ ನಿನಗೆ ಹೇಳುವ ಹಾಗೂ ಇಲ್ಲ. ಯುರೋಪ್ ಕೌನ್ಸಿಲ್ 2010ರಲ್ಲಿ ಶುರು ಮಾಡಿದ ಅಭಿಯಾನದಲ್ಲಿ ಒಳಉಡುಪಿನ ನಿಯಮ ಅಂತ ಇದನ್ನೇ ಹೇಳಿಕೊಡುತ್ತಾರೆ. ಬ್ರಿಟನ್ನಿನಲ್ಲೂ ಇದೇ ಥರದ ನಿಯಮ ಚಿಕ್ಕ ಮಕ್ಕಳವರೆಗೆ ತಲುಪಿದೆ. ಐದಾರು ವರ್ಷದ ಮಗು ಕಣ್ಣಿಗೆ ಕಾಣುವುದನ್ನು ಬೇಗ ಹಿಡಿಯುತ್ತದೆ. ಮನಸ್ಸಿಗೆ ಕಸಿವಿಸಿ ಆಯಿತಾ ಅಂತ ಕೇಳಿದರೆ ಅದಕ್ಕೆ ತಿಳಿಯಲ್ಲ.

ನಿಯಮಕ್ಕೆ ವಿನಾಯಿತಿಯನ್ನೂ ಆಗಲೇ ಹೇಳಿಬಿಡಬೇಕು. ಡಾಕ್ಟರ್ ನೋಡಬಹುದು, ಅಪ್ಪನೋ ಅಮ್ಮನೋ ಪಕ್ಕದಲ್ಲಿ ಇರಬೇಕು. ಸ್ನಾನ ಮಾಡಿಸುವಾಗ ಚಿಕ್ಕ ಮಕ್ಕಳಿಗೆ ಮನೆಯವರ ಸಹಾಯ ಬೇಕಾಗುತ್ತದೆ. ಇದನ್ನು ಹೇಳದೆ ಬಿಟ್ಟರೆ ನೀವು ಅಂದ ಹಾಗೆ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಅಜ್ಜ ಎತ್ತಿಕೊಳ್ಳುವುದಕ್ಕೂ ಈ ನಿಯಮಕ್ಕೂ ಸಂಬಂಧ ಇಲ್ಲ. ಆದರೆ ಅಜ್ಜ ಎತ್ತಿಕೊಳ್ಳುವುದು ಮಗುವಿಗೆ ಆ ಹೊತ್ತಿಗೆ ಇಷ್ಟ ಇಲ್ಲದಿದ್ದರೆ ಇಳಿಸಿಬಿಡಿ. ಮನೆಯಲ್ಲಿ ಮಗುವಿನ ಚಿಕ್ಕ 'ಬೇಡ'ಕ್ಕೆ ಬೆಲೆ ಕೊಟ್ಟರೆ ಮಾತ್ರ ಅದಕ್ಕೆ ತನ್ನ ಮಾತು ನಡೆಯುತ್ತದೆ ಅಂತ ನಂಬಿಕೆ ಬರುತ್ತದೆ.

ಗುಟ್ಟಿನ ಪಾಠಕ್ಕೆ ನಾನು ಒಂದು ಪೂರ್ತಿ ಪೀರಿಯಡ್ ಇಟ್ಟಿದ್ದೇನೆ. ಅಮ್ಮನ ಹುಟ್ಟುಹಬ್ಬಕ್ಕೆ ಉಡುಗೊರೆ ಬಚ್ಚಿಟ್ಟರೆ ಅದು ಸ್ವಲ್ಪ ದಿನದಲ್ಲಿ ಎಲ್ಲರಿಗೂ ಗೊತ್ತಾಗುವ ಗುಟ್ಟು, ಎಲ್ಲರಿಗೂ ಖುಷಿ ಆಗುತ್ತದೆ. ಮುಟ್ಟುವುದರ ಬಗ್ಗೆ, ಫೋಟೋದ ಬಗ್ಗೆ, ಯಾವತ್ತೂ ಹೇಳಬಾರದು ಅಂತ ದೊಡ್ಡವರು ಆಣೆ ಹಾಕಿಸಿಕೊಂಡದ್ದರ ಬಗ್ಗೆ ಗುಟ್ಟು ಇಟ್ಟುಕೊಳ್ಳುವ ಹಾಗಿಲ್ಲ. ಆಣೆ ಮುರಿದರೂ ಪರವಾಗಿಲ್ಲ ಅಂತ ಟೀಚರ್ ಬಾಯಿಂದಲೇ ಮಕ್ಕಳು ಕೇಳಬೇಕು. ತಡವಾಗಿ ಹೇಳಿದರೂ ಪರವಾಗಿಲ್ಲ ಅನ್ನುವುದನ್ನು ಹೆಸರು ಬೇಡ ಅವರ ಪೋಸ್ಟ್ ಓದಿದ ಮೇಲೆ ದಪ್ಪ ಅಕ್ಷರದಲ್ಲಿ ಸೇರಿಸಿದ್ದೇನೆ. ಒಂದು ಸಲ ಆಗಿರಲಿ, ತುಂಬಾ ಸಲ ಆಗಿರಲಿ, ಹೋದ ವರ್ಷ ಆಗಿರಲಿ, ಇವತ್ತು ಹೇಳಬಹುದು.

ದೇಹದ ಭಾಗಗಳಿಗೆ ಸರಿಯಾದ ಹೆಸರನ್ನೇ ಕಲಿಸುತ್ತೇನೆ. ಮನೆಯಲ್ಲಿ ಮುದ್ದಿಗೆ ಇಟ್ಟ ಹೆಸರು ಬೇರೆಯವರಿಗೆ ಅರ್ಥ ಆಗಲ್ಲ. ಮಗು ಹೇಳಿದ್ದು ತಲುಪದೇ ಹೋಗುತ್ತದೆ.


ಇಬ್ಬರು ಮಕ್ಕಳ ಅಪ್ಪ

ಹೆಸರು ಹೇಳೋಕೆ ನಮ್ಮ ಮನೆಯಲ್ಲಿ ನಮಗೇ ನಾಚಿಕೆ, ನಿಜ ಹೇಳಬೇಕು ಅಂದರೆ.


ನಿವೃತ್ತ ಹೆಡ್‌ಮಿಸ್ಟ್ರೆಸ್

ಕಣ್ಣು, ಮೂಗು, ಮೊಣಕಾಲು ಅಂತ ಹೇಳಿಕೊಡುವ ಉಸಿರಿನಲ್ಲೇ ಹೇಳಿಬಿಡಿ, ಸ್ನಾನದ ಹೊತ್ತಿನಲ್ಲಿ. ಮಗುವಿಗೆ ನಾಚಿಕೆ ಇರಲ್ಲ. ನಮ್ಮ ಮುಖ ನೋಡಿ ಅದು ಕಲಿಯುತ್ತದೆ.

ನಾನು ಹೇಳಬೇಕಾದ್ದು ಬೇರೆ. ಪಾಠದ ಪುಸ್ತಕ ತೆರೆಯುವ ಮೊದಲು ಶಾಲೆಯ ಕಟ್ಟಡವನ್ನು ಒಂದು ಸುತ್ತು ಹಾಕಿ. ಮಗು ಒಬ್ಬಂಟಿಯಾಗಿ ದೊಡ್ಡವರ ಜೊತೆ ಯಾರ ಕಣ್ಣಿಗೂ ಬೀಳದೆ ಇರಬಹುದಾದ ಜಾಗಗಳು ಯಾವುವು? ಸಾಮಾನು ಕೋಣೆ, ಆಟದ ಸಾಮಾನು ಇಡುವ ರೂಮು, ಮಹಡಿಯ ಮೂಲೆಯ ಟಾಯ್ಲೆಟ್, ಶಾಲೆ ಬಸ್ಸಿನ ಕೊನೆಯ ಸ್ಟಾಪು. ಒಬ್ಬ ಮಗುವಿಗೆ ಒಬ್ಬರೇ ಪಾಠ ಹೇಳಿಕೊಡಬೇಕಾದರೆ ಬಾಗಿಲು ತೆರೆದಿರಬೇಕು. ಇಲ್ಲವೇ ಬಾಗಿಲಿಗೆ ಗಾಜು ಇರಬೇಕು. ಕೆಲಸಕ್ಕೆ ತಗೊಳ್ಳುವಾಗ ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸಬೇಕು. ಅಡುಗೆಯವರು, ಡ್ರೈವರ್, ಸಂಜೆ ಡ್ಯಾನ್ಸ್ ಕಲಿಸೋಕೆ ಬರುವವರು ಎಲ್ಲರಿಗೂ ಒಂದೇ ನಿಯಮ. ಇದು ಯಾರನ್ನೂ ಅನುಮಾನ ಪಡುವುದಲ್ಲ. ಎಲ್ಲರಿಗೂ ಒಂದೇ ಆದಾಗ ಯಾರಿಗೂ ಬೇಜಾರಿಲ್ಲ.

ಎರಡನೆಯದು, ಮಗು ಹೇಳಿದ ದಿನ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಪ್ರತಿ ಟೀಚರ್ ಕೈಗೆ ಕೊಡಿ. ಯಾರಿಗೆ ತಿಳಿಸಬೇಕು, ಅವರು ರಜೆಯಲ್ಲಿದ್ದರೆ ಇನ್ಯಾರಿಗೆ, ದೂರು ಶಾಲೆಯವರ ಮೇಲೆಯೇ ಇದ್ದರೆ ಹೊರಗೆ ಯಾರಿಗೆ. ಈ ಕೊನೆಯದನ್ನು ಬಹಳ ಕಡೆ ಬರೆದೇ ಇರಲ್ಲ. ಹೆಸರು ಕೆಡುತ್ತದೆ ಅಂತ ಒಳಗೇ ಮುಚ್ಚಿಹಾಕುವುದು ಶುರುವಾಗುವುದು ಅಲ್ಲಿಂದಲೇ. ತುಂಬಾ ದೇಶಗಳಲ್ಲಿ ಟೀಚರುಗಳು ಅನುಮಾನ ಬಂದರೂ ತಿಳಿಸಲೇಬೇಕು ಅಂತ ಕಾನೂನಿದೆ. ಭಾರತದ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ. ತಿಳಿಸಬೇಕಾ ಬೇಡವಾ ಅಂತ ಸ್ಟಾಫ್ ರೂಮಿನಲ್ಲಿ ಚರ್ಚೆ ಮಾಡುವ ವಿಷಯವೇ ಅಲ್ಲ ಇದು.

ಟೈಮ್ ಇಲ್ಲ ಅನ್ನುವವರಿಗೆ ಒಂದು ಉದಾಹರಣೆ ಕೊಡಿ. ಅಮೆರಿಕದಲ್ಲಿ 'ಎರಿನ್ಸ್ ಲಾ' ಅಂತ ಕಾನೂನು ಇದೆ. ಇಲಿನಾಯ್ ರಾಜ್ಯದಲ್ಲಿ 2013ರಲ್ಲಿ ಜಾರಿಗೆ ಬಂತು, ಆಮೇಲೆ ಬಹಳಷ್ಟು ರಾಜ್ಯಗಳು ಅದೇ ದಾರಿ ಹಿಡಿದವು. ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿದ ಹೆಣ್ಣುಮಗಳೊಬ್ಬಳ ಹೋರಾಟದಿಂದ ಬಂದದ್ದು. ಅದರಲ್ಲಿ ಮಕ್ಕಳ ಜೊತೆಗೆ ಶಾಲೆಯ ಸಿಬ್ಬಂದಿಗೂ ತಂದೆತಾಯಿಗೂ ತಿಳಿವಳಿಕೆ ಕೊಡುವುದು ಸೇರಿದೆ.


ಪಿಟಿ ಮಾಸ್ತರ್

ನಾನು ಆಟ ಕಲಿಸುವವನು. ಮಕ್ಕಳನ್ನು ಮುಟ್ಟದೆ ನನ್ನ ಕೆಲಸ ಆಗಲ್ಲ. ಬಿದ್ದರೆ ಎತ್ತಬೇಕು, ಲಾಗ ಹಾಕುವಾಗ ಬೆನ್ನು ಹಿಡಿಯಬೇಕು. ಈ ಪಾಠ ಆದ ಮೇಲೆ ಯಾವುದೋ ಮಗು ತಪ್ಪು ತಿಳಿದು ಏನಾದರೂ ಹೇಳಿಬಿಟ್ಟರೆ ನನ್ನ ಬದುಕೇ ಹೋಯಿತು. ಗಂಡು ಮೇಷ್ಟ್ರುಗಳೆಲ್ಲ ಒಳಗೊಳಗೆ ಇದನ್ನೇ ಯೋಚನೆ ಮಾಡುತ್ತಿದ್ದೇವೆ. ಮೇಡಂಗಳು ಇದಕ್ಕೂ ಉತ್ತರ ಹೇಳಬೇಕು.


ಆಪ್ತಸಮಾಲೋಚಕಿ

ಸರ್, ಕೇಳಿದ್ದು ಒಳ್ಳೇದಾಯಿತು. ಟೀಚರ್ ಹೇಳಿದ ಸ್ಪಷ್ಟ ನಿಯಮ ನಿಮಗೂ ರಕ್ಷಣೆ. ಬೆನ್ನು ಹಿಡಿಯುವುದು ಆ ನಿಯಮದೊಳಗೆ ಬರಲ್ಲ ಅಂತ ಮಗುವಿಗೆ ಗೊತ್ತಿರುತ್ತದೆ. 'ಈಗ ಬೆನ್ನು ಹಿಡಿಯುತ್ತೇನೆ' ಅಂತ ಎಲ್ಲರ ಮುಂದೆ ಹೇಳಿ ಹಿಡಿದರೆ ಇನ್ನೂ ಒಳ್ಳೇದು. ಹೆಡ್ ಮೇಡಂ ಹೇಳಿದ ತೆರೆದ ಬಾಗಿಲು ಕೂಡ ನಿಮ್ಮನ್ನೂ ಕಾಯುತ್ತದೆ.

ತಪ್ಪು ದೂರಿನ ಭಯ ಪೂರ್ತಿ ಸುಳ್ಳಲ್ಲ. ಆದರೆ ಅದರ ಮೂಲ ಹೆಚ್ಚಾಗಿ ದೊಡ್ಡವರು ಪ್ರಶ್ನೆ ಕೇಳುವ ರೀತಿಯಲ್ಲಿದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ರಿಸ್ಕೂಲ್ ಮೇಲೆ ಇಂಥ ಆರೋಪ ಬಂತು. ನೂರಾರು ಮಕ್ಕಳನ್ನು ವಿಚಾರಣೆ ಮಾಡಿದರು. ಉತ್ತರವನ್ನು ಬಾಯಿಗೆ ಹಾಕುವಂಥ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿದರು. 1990ರಲ್ಲಿ ಕೇಸ್ ಮುಗಿದಾಗ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಮಕ್ಕಳನ್ನು ಹೇಗೆ ಕೇಳಬಾರದು ಅನ್ನುವುದಕ್ಕೆ ಸಂಶೋಧಕರು ಆ ಕೇಸನ್ನೇ ಇವತ್ತಿಗೂ ತೋರಿಸುತ್ತಾರೆ.

ಹಾಗಾಗಿ ಟೀಚರುಗಳ ತರಬೇತಿಯಲ್ಲಿ ಇದೇ ಮುಖ್ಯ ಭಾಗ ಆಗಬೇಕು. ಮಗು ಏನಾದರೂ ಹೇಳಿದರೆ 'ಅವರು ಅಲ್ಲಿ ಮುಟ್ಟಿದರಾ?' ಅಂತ ಕೇಳಬೇಡಿ. 'ಹೇಳು ಪುಟ್ಟಾ, ಕೇಳ್ತಿದೀನಿ', 'ಆಮೇಲೆ?', ಅಷ್ಟು ಸಾಕು. ತನಿಖೆ ನಿಮ್ಮ ಕೆಲಸ ಅಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ, ತಿದ್ದದೆ, ಅವತ್ತೇ ಬರೆದಿಡಿ. ಯಾರ ಹೆಸರು ಬಂತೋ ಅವರನ್ನು ಕರೆದು ವಿಚಾರಿಸಬೇಡಿ. ಅದೇ ಕಥೆಯನ್ನು ಮಗು ಕ್ಲಾಸ್ ಟೀಚರ್ ಹತ್ತಿರ ಒಮ್ಮೆ, ಹೆಡ್ ಹತ್ತಿರ ಒಮ್ಮೆ, ಟ್ರಸ್ಟಿ ಹತ್ತಿರ ಒಮ್ಮೆ ಹೇಳುವ ಹಾಗೆ ಮಾಡಬೇಡಿ.


ಪಿಟಿ ಮಾಸ್ತರ್

ಬೆನ್ನು ಹಿಡಿಯುವ ಮೊದಲು ಹೇಳಿ ಹಿಡಿಯುವುದು ನಾಳೆಯಿಂದಲೇ ಆಗುವ ಮಾತು. ಇನ್ನೊಂದು, ಟೀಚರುಗಳ ತರಬೇತಿಗೆ ನಾವು ಗಂಡಸರೂ ಕೂರಬೇಕು. 'ಇದು ಹೆಂಗಸರ ವಿಷಯ' ಅಂತ ನಮ್ಮನ್ನು ಹೊರಗೆ ಕಳಿಸುತ್ತಾರೆ. ಗಂಡು ಮಕ್ಕಳು ಹೇಳಿಕೊಳ್ಳುವುದಾದರೆ ಗ್ರೌಂಡಿನಲ್ಲಿ ನಮ್ಮ ಹತ್ತಿರವೇ ಹೇಳಿಕೊಳ್ಳೋದು.


ಆಪ್ತಸಮಾಲೋಚಕಿ

ನೂರಕ್ಕೆ ನೂರು ನಿಜ. ಅದೇ ಲೈಡನ್ ಲೆಕ್ಕದಲ್ಲಿ ಹೆಣ್ಣುಮಕ್ಕಳಲ್ಲಿ ಶೇ. 18, ಗಂಡುಮಕ್ಕಳಲ್ಲಿ ಶೇ. 7.6 ಮಂದಿ ದೌರ್ಜನ್ಯ ಅನುಭವಿಸಿದ್ದಾರೆ. ಹುಡುಗರನ್ನು ಮೈದಾನಕ್ಕೆ ಕಳಿಸಿ ಹುಡುಗಿಯರಿಗೆ ಮಾತ್ರ ಈ ಪಾಠ ಮಾಡುವುದು ದೊಡ್ಡ ಅನ್ಯಾಯ.


ವಿಶೇಷ ಮಗುವಿನ ಅಮ್ಮ

ನನ್ನ ಮಗನಿಗೆ ಮಾತು ಬರಲ್ಲ. ಚಿತ್ರಗಳ ಬೋರ್ಡ್ ಮೇಲೆ ಬೆರಳಿಟ್ಟು ತನಗೆ ಬೇಕಾದ್ದನ್ನು ಹೇಳುತ್ತಾನೆ. ನೀರು, ಊಟ, ಹೊರಗೆ, ನೋವು ಎಲ್ಲ ಇದೆ. ಗುಪ್ತಾಂಗದ ಚಿತ್ರ ಇರಲಿಲ್ಲ. 'ಬೇಡ, ನಿಲ್ಲಿಸು' ಅನ್ನುವುದೂ ಇರಲಿಲ್ಲ. ಅವನಿಗೆ ಏನಾದರೂ ಆದರೆ ಹೇಳೋಕೆ ಬೋರ್ಡಿನಲ್ಲಿ ಜಾಗವೇ ಇರಲಿಲ್ಲ. ನಾನೇ ಕೂತು ಸೇರಿಸಿದೆ.

ಅವನನ್ನು ದಿನಕ್ಕೆ ಎಷ್ಟೋ ಸಲ ಬೇರೆಯವರು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುತ್ತಾರೆ, ತೊಳೆಯುತ್ತಾರೆ, ಬಟ್ಟೆ ಬದಲಿಸುತ್ತಾರೆ. ನಿಮ್ಮ 'ಯಾರೂ ಮುಟ್ಟುವ ಹಾಗಿಲ್ಲ' ಅನ್ನುವ ನಿಯಮ ಅವನ ಬದುಕಿಗೆ ಹೊಂದಲ್ಲ. ಆದರೆ ಪಾಠದ ಅಗತ್ಯ ಅವನಿಗೇ ಜಾಸ್ತಿ. 2012ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಅಂಗವಿಕಲತೆ ಇರುವ ಮಕ್ಕಳು ಲೈಂಗಿಕ ಹಿಂಸೆಗೆ ಸಿಗುವ ಸಾಧ್ಯತೆ ಬೇರೆ ಮಕ್ಕಳಿಗಿಂತ 2.9 ಪಟ್ಟು. ದಯವಿಟ್ಟು ಇಂಥ ಮಕ್ಕಳನ್ನು ಈ ಪೀರಿಯಡ್ಡಿನಲ್ಲಿ ಬೇರೆ ರೂಮಿಗೆ ಕಳಿಸಬೇಡಿ.


ಪ್ರೈಮರಿ ಟೀಚರ್

ಅಕ್ಕಾ, ನಾನು ಓದಿದ ಯಾವ ಪಾಠದಲ್ಲೂ ಈ ಮಾತು ಇರಲಿಲ್ಲ. ನಿಮ್ಮ ಮಗನಂಥವರಿಗೆ ನಿಯಮ ಹೇಗಿರಬೇಕು ಅಂತ ನೀವೇ ಹೇಳಿ.


ವಿಶೇಷ ಮಗುವಿನ ಅಮ್ಮ

ನಾವು ಮನೆಯಲ್ಲಿ ಮಾಡಿಕೊಂಡದ್ದು ಹೀಗೆ. ಅವನನ್ನು ತೊಳೆಯುವವರು ಯಾರು ಯಾರು ಅಂತ ಫೋಟೋ ಹಾಕಿದ ಒಂದು ಹಾಳೆ ಇದೆ. ಅದರಲ್ಲಿ ಇಲ್ಲದವರು ತೊಳೆಯುವ ಹಾಗಿಲ್ಲ. ತೊಳೆಯುವವರು ಪ್ರತಿ ಸಲವೂ ಮೊದಲು ಹೇಳಬೇಕು, 'ಈಗ ಪ್ಯಾಂಟ್ ತೆಗೀತೀನಿ, ಈಗ ಒರೆಸ್ತೀನಿ' ಅಂತ. ಹೇಳದೆ ಕೈ ಹಾಕಿದರೆ ಅವನಿಗೆ ಈಗ ಸಿಟ್ಟು ಬರುತ್ತದೆ, ಕೈ ತಳ್ಳುತ್ತಾನೆ. ಅದು ಹಟ ಅಂತ ಶಾಲೆಯ ಸಹಾಯಕಿ ದೂರು ಹೇಳಿದರು. ಹಟ ಅಲ್ಲ, ಅವನು ಕಲಿತದ್ದು ಅದನ್ನೇ ಅಂತ ನಾನು ವಿವರಿಸಿದೆ.


ಕಂಪ್ಯೂಟರ್ ಟೀಚರ್

ಎರಡು ವಿಷಯ ಚಿಕ್ಕದಾಗಿ. ನಾಲ್ಕು, ಐದನೇ ಕ್ಲಾಸಿಗೆ ಬರುವಾಗ ಮೊಬೈಲ್ ವಿಷಯ ಸೇರಿಸಿ. ಆಟದ ಆ್ಯಪಿನಲ್ಲಿ ಪರಿಚಯ ಆದವರು ಫೋಟೋ ಕೇಳುವುದು, 'ಕ್ಯಾಮೆರಾ ಆನ್ ಮಾಡು' ಅನ್ನುವುದು, ಆಮೇಲೆ ಹೆದರಿಸುವುದು. ಫೋಟೋ ಕಳಿಸಿಬಿಟ್ಟಿದ್ದರೂ ಬಂದು ಹೇಳಬಹುದು, ಬೈಯಲ್ಲ ಅಂತ ಹೇಳಲೇಬೇಕು. ಮೊಬೈಲ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡಲ್ಲ.

ಇನ್ನೊಂದು, 'ದೊಡ್ಡವರು' ಅಂತ ಮಾತ್ರ ಹೇಳಬೇಡಿ. ಅಮೆರಿಕದ ಪೊಲೀಸ್ ದಾಖಲೆಗಳ 2009ರ ವಿಶ್ಲೇಷಣೆಯಲ್ಲಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ಮಾಡಿದವರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಮಂದಿ ತಾವೇ 18 ವರ್ಷದೊಳಗಿನವರು. ದೊಡ್ಡ ಕ್ಲಾಸಿನ ಅಣ್ಣ, ಅಕ್ಕ ಕೂಡ ಈ ನಿಯಮ ಮುರಿಯಬಹುದು ಅಂತ ಮಗುವಿಗೆ ಗೊತ್ತಿರಬೇಕು.


ಪ್ರೈಮರಿ ಟೀಚರ್

ಎರಡನ್ನೂ ಸೇರಿಸುತ್ತೇನೆ.

ಹೋದ ವಾರ ಒಂದು ಚಟುವಟಿಕೆಯನ್ನು ನನ್ನ ಕ್ಲಾಸಿನಲ್ಲಿ ಮಾಡಿ ನೋಡಿದೆ. ಪಾಠ ಅಂತ ಹೇಳಲಿಲ್ಲ. ಮಕ್ಕಳು ಹಾಳೆಯ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆದರು. ಏನಾದರೂ ತೊಂದರೆ ಆದರೆ ನೀನು ಯಾರ ಹತ್ತಿರ ಹೇಳುತ್ತೀಯೋ ಅವರ ಹೆಸರನ್ನು ಒಂದೊಂದು ಬೆರಳಿಗೆ ಒಂದರಂತೆ ಬರೆ ಅಂದೆ. ಒಬ್ಬರಾದರೂ ಮನೆಯ ಹೊರಗಿನವರು ಇರಬೇಕು ಅಂತ ನಿಯಮ. ಒಬ್ಬರು ಕೇಳದಿದ್ದರೆ ಮುಂದಿನ ಬೆರಳು, ಅವರೂ ಕೇಳದಿದ್ದರೆ ಅದರ ಮುಂದಿನದು, ಯಾರಾದರೂ ಕೇಳುವವರೆಗೆ ಹೇಳುತ್ತಲೇ ಇರಬೇಕು.

ಹೆಚ್ಚಿನವರು ಬೇಗ ಬರೆದರು. ಒಬ್ಬ ಹುಡುಗ ಐದೂ ಉಗುರಿಗೆ ಚೆನ್ನಾಗಿ ಬಣ್ಣ ಹಚ್ಚಿದ್ದ, ಒಂದು ಹೆಸರೂ ಬರೆದಿರಲಿಲ್ಲ. ಬೆಲ್ ಆಯಿತು. ಹಾಳೆ ಕೊಡುವಾಗ 'ಮಿಸ್, ನಿಮ್ಮ ಹೆಸರು ಬರೀಬಹುದಾ?' ಅಂದ. ಬರಿ ಅಂದೆ. ಹೆಬ್ಬೆರಳಿಗೆ ಬರೆದ. ಮಿಕ್ಕ ನಾಲ್ಕು ಹಾಗೇ ಇದ್ದವು. ಇದರಿಂದ ಅವನಿಗೆ ಏನೋ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅವನ ಲೋಕದಲ್ಲಿ ಕೇಳಿಸಿಕೊಳ್ಳುವವರು ಕಡಿಮೆ ಅಂತ ಗೊತ್ತಾಯಿತು. ಈಗ ಅವನ ಜೊತೆ ದಿನಾ ಸ್ವಲ್ಪ ಹೊತ್ತು ಸುಮ್ನೆ ಹರಟೆ ಹೊಡೆಯುತ್ತೇನೆ. ಸಮಾಲೋಚಕಿ ಮೇಡಂ, ಇಷ್ಟು ಸಾಕಾ?


ಆಪ್ತಸಮಾಲೋಚಕಿ

ಸದ್ಯಕ್ಕೆ ಅದೇ ಸರಿ. ಕೆದಕಬೇಡಿ, ಜೊತೆಗಿರಿ. ಇನ್ನೊಬ್ಬ ಟೀಚರ್ ಕೂಡ ಅವನಿಗೆ ಹತ್ತಿರ ಆಗಲಿ, ನೀವು ರಜೆ ಹಾಕಿದ ದಿನ ಅವನಿಗೆ ಒಬ್ಬರು ಬೇಕಲ್ಲ. ನಡವಳಿಕೆಯಲ್ಲಿ ಏನಾದರೂ ಬದಲಾವಣೆ ಕಂಡರೆ ಮಾತ್ರ ಹೆಡ್ ಹತ್ತಿರ ಮಾತಾಡಿ.

ಆ ಕೈಯ ಹಾಳೆಯ ಹಿಂದೆ ಮಕ್ಕಳ ಸಹಾಯವಾಣಿ ನಂಬರ್ ಬರೆಸಿ. ಭಾರತದಲ್ಲಿ 1098, ಬ್ರಿಟನ್ನಿನಲ್ಲಿ 0800 1111, ಬೇರೆ ತುಂಬಾ ದೇಶಗಳಲ್ಲೂ ಇಂಥ ನಂಬರ್ ಇದೆ. ಯಾವ ಬೆರಳಿಗೂ ಹೆಸರಿಲ್ಲದ ಮಗುವಿಗೆ ಅದು ಬೇಕಾಗುತ್ತದೆ.


ಹೆಸರು ಬೇಡ

ಮಗು ಹೇಳಿದ ಆ ಕ್ಷಣಕ್ಕೆ ಏನು ಉತ್ತರ ಕೊಡಬೇಕು ಅಂತ ತರಬೇತಿಯಲ್ಲಿ ಹೇಳಿಕೊಡುತ್ತೀರಲ್ಲ, ಅದಕ್ಕೆ ನನ್ನ ಕಡೆಯಿಂದ ಕೆಲವು ಮಾತು. ನನಗೆ ಯಾರಾದರೂ ಹೇಳಬೇಕಿತ್ತು ಅನಿಸಿದವು. 'ಹೇಳಿದ್ದು ಒಳ್ಳೇದಾಯ್ತು.' 'ನಾನು ನಂಬ್ತೀನಿ.' 'ನಿಂದೇನೂ ತಪ್ಪಿಲ್ಲ.' ಮತ್ತೆ, ಮುಂದೆ ಏನು ಮಾಡುತ್ತೀರಿ ಅಂತ ಮಗುವಿಗೆ ತಿಳಿಸಿ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ, ಯಾಕಂದರೆ ನೀವು ಹೇಳಲೇಬೇಕಾಗುತ್ತದೆ. ಆಗ ಮಗುವಿಗೆ ಎರಡನೇ ಸಲ ಮೋಸ ಹೋದ ಹಾಗೆ ಆಗುತ್ತದೆ. 'ನಿನ್ನ ಕಾಪಾಡೋಕೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ' ಅನ್ನಿ.

ಮುಖದ ಬಗ್ಗೆ ಇನ್ನೊಂದು. ಮಗು ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. ನೀವು ಅತ್ತರೆ, ಕಿರುಚಿದರೆ, ಅಸಹ್ಯ ಪಟ್ಟರೆ ಅದು ಅಲ್ಲಿಗೇ ನಿಲ್ಲಿಸುತ್ತದೆ. ಅಳುವುದು ಆಮೇಲೆ, ಸ್ಟಾಫ್ ರೂಮಿನಲ್ಲಿ.


ನಿವೃತ್ತ ಹೆಡ್‌ಮಿಸ್ಟ್ರೆಸ್

ಇದನ್ನು ಹಾಗೇ ತರಬೇತಿಯ ಹಾಳೆಗೆ ಇಳಿಸಿಕೊಳ್ಳಿ. ಪಾಯಿಂಟ್ ಮಾಡಿ ಚಿಕ್ಕದು ಮಾಡಬೇಡಿ.


ಪ್ರೈಮರಿ ಟೀಚರ್

ನಾನು ಹೀಗೆ ಮಾಡುತ್ತೇನೆ. ಮೊದಲು ಕಟ್ಟಡದ ಸುತ್ತು ಮತ್ತು ಬರೆದಿಟ್ಟ ಕ್ರಮ. ಅಡುಗೆಯವರು, ಡ್ರೈವರ್, ಪಿಟಿ ಮಾಸ್ತರ್ ಎಲ್ಲರೂ ಕೂರುವ ತರಬೇತಿ. ಆಮೇಲೆ ತಂದೆತಾಯಿ ಸಭೆ, ಅಲ್ಲಿ ಪಾಠದ ಪ್ರತಿ ಚಿತ್ರವನ್ನೂ ತೋರಿಸುತ್ತೇನೆ, ಬಚ್ಚಿಡುವಂಥದ್ದು ಏನೂ ಇಲ್ಲ. ಸಭೆಗೆ ಬಂದವರಲ್ಲೇ ಹಾಗೆ ಮಾಡುವವರು ಇರಬಹುದು ಅನ್ನುವುದೂ ತಲೆಯಲ್ಲಿದೆ. ಈ ಶಾಲೆಯ ಮಕ್ಕಳಿಗೆ ಹೇಳೋಕೆ ಗೊತ್ತು, ಇಲ್ಲಿನ ದೊಡ್ಡವರು ಕೇಳಿಸಿಕೊಳ್ಳುತ್ತಾರೆ ಅಂತ ಅಂಥವರಿಗೂ ತಿಳಿಯಲಿ. ಆಮೇಲೆ ಮಕ್ಕಳ ಪಾಠ. ಒಂದೇ ಪೀರಿಯಡ್ಡಿಗೆ ಒಪ್ಪುವುದಿಲ್ಲ. 2000ರಲ್ಲಿ ಬಂದ 27 ಅಧ್ಯಯನಗಳ ವಿಶ್ಲೇಷಣೆಯಲ್ಲಿ, ಮೂರಕ್ಕಿಂತ ಜಾಸ್ತಿ ಪೀರಿಯಡ್ ಇದ್ದು ಮಕ್ಕಳೇ ಎದ್ದು ನಿಂತು ಅಭಿನಯಿಸಿ ಅಭ್ಯಾಸ ಮಾಡಿದ ಪಾಠಗಳೇ ಹೆಚ್ಚು ಫಲ ಕೊಟ್ಟಿವೆ. ಮ್ಯಾನೇಜ್‌ಮೆಂಟ್ ಮುಂದೆ ಅದನ್ನೇ ಇಡುತ್ತೇನೆ.

ಒಂದೇ ಗೊಂದಲ. ಟೈಮ್‌ಟೇಬಲ್‌ನಲ್ಲಿ ಖಾಲಿ ಇರುವುದು ಶನಿವಾರದ ಕೊನೆಯ ಪೀರಿಯಡ್. ಅದನ್ನೇ ತಗೊಳ್ಳಿ ಅನ್ನುತ್ತಿದ್ದಾರೆ.


ಆಪ್ತಸಮಾಲೋಚಕಿ

ಅದು ಬೇಡವೇ ಬೇಡ. ಪಾಠ ಕೇಳಿ ಯಾವುದೋ ಮಗುವಿಗೆ ಹೇಳಬೇಕು ಅನಿಸಿದಾಗ ಶಾಲೆ ಬಿಟ್ಟಿರುತ್ತದೆ, ಮಾರನೇ ದಿನ ಭಾನುವಾರ. ತೊಂದರೆ ಇರುವುದು ಮನೆಯಲ್ಲೇ ಆದರೆ ಆ ಮಗು ಅಲ್ಲಿಗೇ ಹೋಗಿ ಎರಡು ರಾತ್ರಿ ಕಳೆಯಬೇಕು. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆಯ ಪೀರಿಯಡ್ ಕೇಳಿ. ಅವತ್ತು ಊಟದ ಬಿಡುವಿನಲ್ಲಿ ಬೇರೆ ಕೆಲಸ ಇಟ್ಟುಕೊಳ್ಳದೆ ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಎಲ್ಲಾದರೂ ಕೂತಿರಿ. ಎಲ್ಲರೂ ಹೋದ ಮೇಲೆ ಪೆನ್ಸಿಲ್ ಹುಡುಕುವ ನೆಪದಲ್ಲಿ ಒಂದು ಮಗು ಹಿಂದೆ ಉಳಿಯಬಹುದು.